ಬಾಸ್ಟನ್ ಅಭಿಮಾನಿಯ ಸಿಟ್ಟು ಮತ್ತು ಆರು ವರ್ಷದ ಲೆಕ್ಕ

2018ರಲ್ಲಿ ಅಮೆರಿಕದ ಬೇಸ್‌ಬಾಲ್ ತಂಡ ಬಾಸ್ಟನ್ ರೆಡ್ ಸಾಕ್ಸ್ 162 ಪಂದ್ಯಗಳಲ್ಲಿ 108 ಗೆದ್ದಿತು. ನೂರು ವರ್ಷ ದಾಟಿದ ಅದರ ಚರಿತ್ರೆಯಲ್ಲಿ ಅಷ್ಟು ಗೆಲುವು ಎಂದೂ ಕಂಡಿರಲಿಲ್ಲ. ಋತುವಿನ ಕೊನೆಯ ಪ್ರಶಸ್ತಿ ಸರಣಿಯಾದ ವರ್ಲ್ಡ್ ಸೀರೀಸ್‌ನಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡವನ್ನು 4–1ರಿಂದ ಮಣಿಸಿ ಕಿರೀಟ ತೊಟ್ಟಿತು. ಆ ತಂಡದ ರೈಟ್ ಫೀಲ್ಡರ್ ಮೂಕಿ ಬೆಟ್ಸ್ ಆ ವರ್ಷ .346 ಸರಾಸರಿಯಲ್ಲಿ ಬ್ಯಾಟ್ ಮಾಡಿ, 32 ಹೋಮ್‌ರನ್ (ಕ್ರಿಕೆಟ್‌ನ ಸಿಕ್ಸರ್‌ನಂಥದ್ದು) ಬಾರಿಸಿ, ಹೊಡೆತವಿಲ್ಲದೆಯೇ ಓಡಿ 30 ಬೇಸ್ ಕದ್ದು, ಮೇಜರ್ ಲೀಗ್‌ನ ಎರಡು ಪಾಲುಗಳಲ್ಲಿ ಒಂದಾದ ಅಮೆರಿಕನ್ ಲೀಗ್‌ನ ಅತ್ಯಮೂಲ್ಯ ಆಟಗಾರ ಎನ್ನಿಸಿಕೊಂಡರು. ಹದಿನಾರು ತಿಂಗಳು ತುಂಬುವ ಮೊದಲೇ ಅದೇ ತಂಡ ಅದೇ ಬೆಟ್ಸ್ ಅವರನ್ನು ಅದೇ ಡಾಡ್ಜರ್ಸ್‌ಗೆ ಬಿಟ್ಟುಕೊಟ್ಟಿತು. ಅವರಿಗೆ ಗಾಯವಾಗಿರಲಿಲ್ಲ. ಆಟ ಕುಂದಿರಲಿಲ್ಲ. ವಯಸ್ಸು 27. ಯಾರೊಂದಿಗೂ ಜಗಳವಾದ ಸುದ್ದಿಯೂ ಇರಲಿಲ್ಲ.

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಇದನ್ನು ಹೇಳಿದರೆ, ಮಾಲೀಕರಿಗೆ ತಲೆ ಕೆಟ್ಟಿತ್ತೇ ಎಂದು ಕೇಳುತ್ತಾರೆ. ಕೆಟ್ಟಿರಲಿಲ್ಲ. ಕಾಗದದ ಮೇಲೆ ಅವರ ಲೆಕ್ಕ ಅಚ್ಚುಕಟ್ಟಾಗಿತ್ತು, ಅಭಿಮಾನಿಗಳ ಸಿಟ್ಟಿನ ಬೇರು ಇರುವುದೂ ಆ ಅಚ್ಚುಕಟ್ಟಿನಲ್ಲೇ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ ನಿಯಮಗಳ ಪ್ರಕಾರ ಆಟಗಾರ ತನ್ನ ಅತ್ಯುತ್ತಮ ಆಟವನ್ನು ಅಗ್ಗದ ಸಂಬಳಕ್ಕೆ ಆಡುವುದು ಮೊದಲ ಕೆಲವು ವರ್ಷಗಳಲ್ಲಿ. ಊರಿನವರು ಅವನ ಹೆಸರಿನ ಜೆರ್ಸಿ ಕೊಂಡು, ಮಕ್ಕಳಿಗೆ ಅವನ ಆಟ ತೋರಿಸಿ, ಅವನನ್ನು ಮನೆಯ ಹುಡುಗ ಎಂದುಕೊಳ್ಳುವ ಹೊತ್ತಿಗೆ ಅವನು ದುಬಾರಿಯಾಗಿರುತ್ತಾನೆ. ಒಬ್ಬ ಆಟಗಾರನ ಮೇಲೆ ಅಭಿಮಾನ ಗಟ್ಟಿಯಾಗಲು ಬೇಕಾಗುವ ಕಾಲವೂ, ಅವನನ್ನು ಕಳಿಸಿಬಿಡುವುದೇ ಲೇಸು ಎಂದು ಕಚೇರಿಯ ಲೆಕ್ಕ ಹೇಳಲು ಬೇಕಾಗುವ ಕಾಲವೂ ಹೆಚ್ಚುಕಡಿಮೆ ಒಂದೇ: ಆರು ವರ್ಷ.

ಈ ಆರು ವರ್ಷ ಎಲ್ಲಿಂದ ಬಂತು? 1970ರ ದಶಕದವರೆಗೆ ಬೇಸ್‌ಬಾಲ್ ಆಟಗಾರ ಒಮ್ಮೆ ಒಂದು ತಂಡಕ್ಕೆ ಸಹಿ ಹಾಕಿದರೆ ಆಯಿತು, ಅವನ ಮೇಲಿನ ಹಕ್ಕು ವರ್ಷ ವರ್ಷವೂ ಆ ತಂಡದ್ದೇ. ತಂಡ ಅವನನ್ನು ಮಾರಬಹುದಿತ್ತು, ಬದಲಾಯಿಸಿಕೊಳ್ಳಬಹುದಿತ್ತು. ಅವನು ಮಾತ್ರ ತಾನಾಗಿ ಹೋಗುವಂತಿರಲಿಲ್ಲ. 1969ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡ ಕರ್ಟ್ ಫ್ಲಡ್ ಅವರನ್ನು ಫಿಲಡೆಲ್ಫಿಯಾಕ್ಕೆ ಕಳಿಸಲು ಹೊರಟಾಗ ಅವರು ಹೋಗುವುದಿಲ್ಲ ಎಂದು ನ್ಯಾಯಾಲಯದ ಮೆಟ್ಟಿಲೇರಿದರು. 1972ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಸೋತರು. ಅವರ ವೃತ್ತಿಜೀವನವೂ ಅಲ್ಲಿಗೆ ಮುಗಿದಿತ್ತು. ಆದರೆ 1975ರ ಡಿಸೆಂಬರ್‌ನಲ್ಲಿ ಆ್ಯಂಡಿ ಮೆಸರ್‌ಸ್ಮಿತ್ ಮತ್ತು ಡೇವ್ ಮೆಕ್‌ನಾಲಿ ಎಂಬ ಇಬ್ಬರು ಪಿಚರ್‌ಗಳ (ಚೆಂಡು ಎಸೆಯುವವರ) ದೂರಿನಲ್ಲಿ ಮಧ್ಯಸ್ಥಗಾರ ಪೀಟರ್ ಸೈಟ್ಜ್ ಆಟಗಾರರ ಪರ ತೀರ್ಪು ಕೊಟ್ಟರು. ಹಳೆಯ ಬಂಧನ ಕಳಚಿತು. ಮರುವರ್ಷ ಮಾಲೀಕರೂ ಆಟಗಾರರ ಸಂಘವೂ ಕುಳಿತು ಒಂದು ರಾಜಿಗೆ ಬಂದವು. ಆರು ವರ್ಷ ಆಡಿದವನು ಸ್ವತಂತ್ರ, ಅಲ್ಲಿಯವರೆಗೆ ತಂಡದ ಸ್ವತ್ತು. ಆ ರಾಜಿಯ ಚೌಕಟ್ಟು ಅರ್ಧ ಶತಮಾನದಿಂದ ಅಲುಗಿಲ್ಲ.

ಈ ಆರು ವರ್ಷಗಳ ಒಳಗೂ ಎರಡು ಘಟ್ಟಗಳಿವೆ. ಮೊದಲ ಮೂರು ವರ್ಷ ತಂಡ ಕೊಟ್ಟಷ್ಟೇ ಸಂಬಳ. 2025ರಲ್ಲಿ ಕನಿಷ್ಠ ವೇತನ 7.6 ಲಕ್ಷ ಡಾಲರ್ ಇತ್ತು. ನಂತರದ ಮೂರು ವರ್ಷ ಆರ್ಬಿಟ್ರೇಷನ್: ಆಟಗಾರ ಒಂದು ಮೊತ್ತ ಕೇಳುತ್ತಾನೆ, ತಂಡ ಒಂದು ಮೊತ್ತ ಹೇಳುತ್ತದೆ, ರಾಜಿಯಾಗದಿದ್ದರೆ ಮಧ್ಯಸ್ಥಗಾರರು ಎರಡರಲ್ಲಿ ಒಂದನ್ನು ಆರಿಸುತ್ತಾರೆ. ನಡುವಿನ ಮೊತ್ತ ಹೇಳುವಂತಿಲ್ಲ. ಬೆಟ್ಸ್ ಅವರ ಸಂಬಳದ ಏಣಿಯನ್ನೇ ನೋಡಿ. 2016ರಲ್ಲಿ ಅತ್ಯಮೂಲ್ಯ ಆಟಗಾರನ ಮತದಾನದಲ್ಲಿ ಎರಡನೆಯವರಾದಾಗ ಅವರಿಗೆ ಸಿಗುತ್ತಿದ್ದುದು 5.66 ಲಕ್ಷ ಡಾಲರ್. 2017ರಲ್ಲಿ 9.5 ಲಕ್ಷ. 2018ಕ್ಕೆ ತಂಡ 75 ಲಕ್ಷ ಎಂದಿತು, ಅವರು 1.05 ಕೋಟಿ ಎಂದರು, ಮಧ್ಯಸ್ಥಗಾರರು ಅವರ ಪರ ನಿಂತರು. 2019ಕ್ಕೆ 2 ಕೋಟಿ, 2020ಕ್ಕೆ 2.7 ಕೋಟಿ ನಿಗದಿಯಾಯಿತು. ಆ ವರ್ಷದ ಕೊನೆಗೆ ಬಿಡುಗಡೆಯಾಗಬೇಕಿತ್ತು.

ಐದೂವರೆ ಲಕ್ಷಕ್ಕೆ ಲೀಗ್‌ನ ಎರಡನೇ ಅತ್ಯುತ್ತಮ ಆಟಗಾರ ಸಿಗುತ್ತಾನೆ ಎಂದಾದರೆ, ಆ ಅಗ್ಗದ ಅವಧಿಯನ್ನು ಹೇಗಾದರೂ ಹಿಗ್ಗಿಸಬೇಕು ಎಂಬ ಆಸೆ ಯಾವ ಕಚೇರಿಗೆ ಹುಟ್ಟುವುದಿಲ್ಲ? ದಾರಿಯೂ ಇದೆ. ಋತು ಸುಮಾರು 187 ದಿನ ನಡೆಯುತ್ತದೆ, ಅದರಲ್ಲಿ 172 ದಿನ ಮೇಜರ್ ಲೀಗ್ ತಂಡದಲ್ಲಿದ್ದರೆ ಅದು ಒಂದು ಪೂರ್ಣ ವರ್ಷ. 171 ದಿನವಾದರೆ ಅಲ್ಲ. 2015ರಲ್ಲಿ ಶಿಕಾಗೊ ಕಬ್ಸ್ ತಂಡದ ಕ್ರಿಸ್ ಬ್ರಯಂಟ್ ಎಂಬ ಯುವಕ ಋತುವಿನ ಮುನ್ನದ ಅಭ್ಯಾಸ ಪಂದ್ಯಗಳಲ್ಲಿ 9 ಹೋಮ್‌ರನ್ ಹೊಡೆದು ಎಲ್ಲರಿಗಿಂತ ಮುಂದಿದ್ದರು. ಅವರು ನಿಲ್ಲುವ ಥರ್ಡ್ ಬೇಸ್ ಜಾಗದಲ್ಲಿ ಫೀಲ್ಡಿಂಗ್ ಇನ್ನೂ ಪಳಗಬೇಕು ಎಂಬ ಕಾರಣ ಹೇಳಿ ತಂಡ ಅವರನ್ನು ಕೆಳಹಂತದ ಮೈನರ್ ಲೀಗ್‌ಗೆ ಕಳಿಸಿತು. ಏಪ್ರಿಲ್ 17ರಂದು ಕರೆಸಿಕೊಂಡಿತು. ವರ್ಷದ ಕೊನೆಗೆ ಅವರ ಖಾತೆಯಲ್ಲಿದ್ದುದು ಸರಿಯಾಗಿ 171 ದಿನ. ಎರಡು ವಾರದಲ್ಲಿ ಫೀಲ್ಡಿಂಗ್ ಪಳಗಿತು ಎಂದು ನಂಬುವುದು ನಂಬುವವರಿಗೆ ಬಿಟ್ಟದ್ದು. ಬ್ರಯಂಟ್ ಆ ವರ್ಷದ ಶ್ರೇಷ್ಠ ಹೊಸ ಆಟಗಾರನಾದರು, ಮರುವರ್ಷ ಅತ್ಯಮೂಲ್ಯ ಆಟಗಾರನಾದರು, ಕಬ್ಸ್ ತಂಡಕ್ಕೆ 108 ವರ್ಷಗಳ ಬಳಿಕ ವರ್ಲ್ಡ್ ಸೀರೀಸ್ ಗೆಲ್ಲಿಸಿಕೊಟ್ಟವರಲ್ಲಿ ಒಬ್ಬರಾದರು. ತಮ್ಮ ಒಂದು ದಿನಕ್ಕಾಗಿ ದೂರು ಕೊಟ್ಟು 2020ರಲ್ಲಿ ಸೋತರು. ಹೀಗೆ ಶಿಕಾಗೊಗೆ ಅವರು ಆರರ ಬದಲು ಏಳು ಋತು ದಕ್ಕಿದರು. ಏಳನೆಯದರ ನಡುವೆಯೇ ತಂಡ ಅವರನ್ನು ಸ್ಯಾನ್‌ಫ್ರಾನ್ಸಿಸ್ಕೊಗೆ ಕಳಿಸಿಬಿಟ್ಟಿತು ಎಂಬುದು ಬೇರೆ ಮಾತು.

ಇಂಥದ್ದನ್ನು ಎಲ್ಲ ತಂಡಗಳೂ ಮಾಡುತ್ತವೆ, ಯಾವ ತಂಡವೂ ಒಪ್ಪಿಕೊಳ್ಳುವುದಿಲ್ಲ. ಒಮ್ಮೆ ಮಾತ್ರ ಬಾಯಿ ತಪ್ಪಿತು. 2021ರಲ್ಲಿ ಸಿಯಾಟಲ್ ಮ್ಯಾರಿನರ್ಸ್ ತಂಡದ ಮುಖ್ಯಸ್ಥ ಕೆವಿನ್ ಮ್ಯಾಥರ್ ರೋಟರಿ ಕ್ಲಬ್ಬೊಂದರ ವಿಡಿಯೊ ಸಭೆಯಲ್ಲಿ ಯುವ ಆಟಗಾರರನ್ನು ಈ ಲೆಕ್ಕಕ್ಕಾಗಿಯೇ ತಡೆಹಿಡಿಯುವುದನ್ನು ಬಿಡುಬೀಸಾಗಿ ಹೇಳಿಬಿಟ್ಟರು. ವಿಡಿಯೊ ಹೊರಬಿತ್ತು, ಅವರು ರಾಜೀನಾಮೆ ಕೊಟ್ಟರು. ಮರುವರ್ಷದ ಒಪ್ಪಂದದಲ್ಲಿ ಒಂದು ತೇಪೆ ಹಾಕಲಾಯಿತು: ಶ್ರೇಷ್ಠ ಹೊಸ ಆಟಗಾರನ ಮತದಾನದಲ್ಲಿ ಮೊದಲ ಎರಡು ಸ್ಥಾನ ಪಡೆದವರಿಗೆ, ಎಷ್ಟೇ ತಡವಾಗಿ ಬಂದಿರಲಿ, ಪೂರ್ಣ ವರ್ಷ ಸಿಗುತ್ತದೆ. 2024ರ ಮೇ ತಿಂಗಳಲ್ಲಿ ಪಿಟ್ಸ್‌ಬರ್ಗ್ ತಂಡಕ್ಕೆ ಬಂದ ಪಿಚರ್ ಪಾಲ್ ಸ್ಕೀನ್ಸ್ ಹೀಗೆ ತಮ್ಮ ವರ್ಷವನ್ನು ಗಳಿಸಿಕೊಂಡರು. ಮೂರನೆಯವನಾಗಿ ಬಂದವನಿಗೆ ಏನೂ ಇಲ್ಲ.

ಬಾಸ್ಟನ್‌ಗೆ ಮರಳೋಣ. ಬೆಟ್ಸ್ ಪ್ರಕರಣದಲ್ಲಿ ಸಮಸ್ಯೆ ಗಡಿಯಾರದ ಇನ್ನೊಂದು ತುದಿಯದು. ಅವರ ಆರನೇ ವರ್ಷ ಬಂದಿತ್ತು. ತಂಡ ಹತ್ತು ವರ್ಷಕ್ಕೆ 30 ಕೋಟಿ ಡಾಲರ್ ಕೊಡುವುದಾಗಿ ಹೇಳಿತ್ತು, ಅವರು ಹನ್ನೆರಡು ವರ್ಷಕ್ಕೆ 42 ಕೋಟಿ ಕೇಳಿದ್ದರು ಎಂದು ಆಗ ವರದಿಯಾಗಿತ್ತು. ಒಪ್ಪಂದವಾಗದಿದ್ದರೆ ವರ್ಷದ ಕೊನೆಗೆ ಅವರು ಹೋಗಿಬಿಡುತ್ತಾರೆ, ತಂಡಕ್ಕೆ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಎಳೆಯ ಆಟಗಾರರನ್ನು ಆರಿಸಿಕೊಳ್ಳುವಲ್ಲಿ, ಒಂದು ಹೆಚ್ಚುವರಿ ಆಯ್ಕೆ ಬಿಟ್ಟರೆ ಬೇರೇನೂ ಉಳಿಯುವುದಿಲ್ಲ. ಹೋಗುವ ಮೊದಲೇ ಬೇರೆಯವರಿಗೆ ಕೊಟ್ಟರೆ ಬದಲಿಗೆ ಕೆಲವು ಎಳೆಯ, ಅಗ್ಗದ, ಆರು ವರ್ಷದ ಗಡಿಯಾರ ಈಗಷ್ಟೇ ಶುರುವಾದ ಆಟಗಾರರು ಸಿಗುತ್ತಾರೆ. ಇದು ಮೊದಲ ಲೆಕ್ಕ.

ಎರಡನೆಯದು ತೆರಿಗೆಯದು. ಬೇಸ್‌ಬಾಲ್‌ನಲ್ಲಿ ತಂಡದ ಒಟ್ಟು ಸಂಬಳಕ್ಕೆ ಮೇಲ್ಮಿತಿ ಇಲ್ಲ. ಅದರ ಬದಲಿಗೆ ಲಕ್ಷುರಿ ಟ್ಯಾಕ್ಸ್ ಎಂದು ಎಲ್ಲರೂ ಕರೆಯುವ ದಂಡವಿದೆ. ಒಂದು ಗೆರೆ ಹಾಕಿರುತ್ತಾರೆ. 2020ಕ್ಕೆ ಅದು 20.8 ಕೋಟಿ ಡಾಲರ್, 2025ಕ್ಕೆ 24.1 ಕೋಟಿ. ಗೆರೆ ದಾಟಿದ ಮೊತ್ತದ ಮೇಲೆ ಮೊದಲ ವರ್ಷ ಶೇ 20, ಸತತ ಎರಡನೇ ವರ್ಷ ಶೇ 30, ಮೂರನೇ ವರ್ಷದಿಂದ ಶೇ 50 ತೆರಿಗೆ. ಬಹಳ ದೂರ ದಾಟಿದರೆ ಅದರ ಮೇಲೆ ಇನ್ನಷ್ಟು. ಒಂದು ವರ್ಷ ಗೆರೆಯ ಕೆಳಗೆ ಇಳಿದರೆ ಎಣಿಕೆ ಮತ್ತೆ ಮೊದಲಿನಿಂದ. ರೆಡ್ ಸಾಕ್ಸ್ 2018 ಮತ್ತು 2019ರಲ್ಲಿ ಗೆರೆ ದಾಟಿತ್ತು. ಮೂರನೇ ವರ್ಷ ಬೇಡ ಎಂದು ಮಾಲೀಕರು 2019ರ ಸೆಪ್ಟೆಂಬರ್‌ನಲ್ಲೇ ಸೂಚಿಸಿದ್ದರು. ವರ್ಲ್ಡ್ ಸೀರೀಸ್ ಗೆಲ್ಲಿಸಿದ ಮುಖ್ಯಸ್ಥ ಡೇವ್ ಡೊಂಬ್ರೊವ್‌ಸ್ಕಿ ಅವರನ್ನು ಅದೇ ತಿಂಗಳು ಕೆಲಸದಿಂದ ತೆಗೆದು, ಕಡಿಮೆ ಹಣದಲ್ಲಿ ತಂಡ ನಡೆಸಿ ಹೆಸರಾದ ಟ್ಯಾಂಪಾ ಬೇ ತಂಡದಿಂದ ಖೈಮ್ ಬ್ಲೂಮ್ ಅವರನ್ನು ತಂದರು. ಬ್ಲೂಮ್ ಬಂದದ್ದು ಯಾವ ಕೆಲಸಕ್ಕೆ ಎಂಬುದು ಬಾಸ್ಟನ್‌ನ ಟ್ಯಾಕ್ಸಿ ಚಾಲಕನಿಗೂ ಗೊತ್ತಿತ್ತು.

ಹೀಗಾಗಿ ಬೆಟ್ಸ್ ಒಬ್ಬರೇ ಹೋಗಲಿಲ್ಲ. ಏಳು ವರ್ಷಕ್ಕೆ 21.7 ಕೋಟಿ ಡಾಲರ್‌ಗೆ ತಂದು, ಇನ್ನೂ 9.6 ಕೋಟಿ ಕೊಡುವುದು ಬಾಕಿ ಇದ್ದ ಪಿಚರ್ ಡೇವಿಡ್ ಪ್ರೈಸ್ ಅವರನ್ನೂ ಗಂಟು ಹಾಕಿ ಕಳಿಸಿದರು. ಬಾಕಿಯಲ್ಲಿ ಅರ್ಧ ಬಾಸ್ಟನ್ ತಾನೇ ಕೊಡುವುದಾಗಿ ಒಪ್ಪಿತು. ಲೀಗ್‌ನ ಅತ್ಯುತ್ತಮ ಆಟಗಾರರಲ್ಲೊಬ್ಬರನ್ನು ಇನ್ನೊಬ್ಬರ ಸಾಲ ತೀರಿಸಲು ಬಳಸಿದರು ಎಂದು ಅಭಿಮಾನಿಗಳು ಈಗಲೂ ಹೇಳುವುದು ಇದಕ್ಕೆ. ಬದಲಿಗೆ ಬಂದವರು ಅಲೆಕ್ಸ್ ವೆರ್ಡುಗೊ, ಜೀಟರ್ ಡೌನ್ಸ್ ಮತ್ತು ಕಾನರ್ ವಾಂಗ್.

ಮುಂದೆ ಆದದ್ದು ಎಲ್ಲರಿಗೂ ಗೊತ್ತು. ಆ ಜುಲೈನಲ್ಲೇ ಬೆಟ್ಸ್ ಡಾಡ್ಜರ್ಸ್ ಜೊತೆ ಹನ್ನೆರಡು ವರ್ಷಕ್ಕೆ 36.5 ಕೋಟಿಗೆ ಸಹಿ ಹಾಕಿದರು. 2020, 2024, 2025ರಲ್ಲಿ ವರ್ಲ್ಡ್ ಸೀರೀಸ್ ಗೆದ್ದರು. ಬಾಸ್ಟನ್ 2020ರಲ್ಲಿ ತನ್ನ ವಿಭಾಗದಲ್ಲಿ ಕೊನೆಯ ಸ್ಥಾನ ಪಡೆಯಿತು. ವೆರ್ಡುಗೊ ಅವರನ್ನು 2023ರ ಡಿಸೆಂಬರ್‌ನಲ್ಲಿ ಬದ್ಧವೈರಿ ನ್ಯೂಯಾರ್ಕ್ ಯಾಂಕೀಸ್‌ಗೆ ಕೊಟ್ಟುಬಿಟ್ಟಿತು.

ಡೌನ್ಸ್ ಅವರ ಕಥೆಯನ್ನು ಹೇಳಲು ತಂಡದ ಪಟ್ಟಿಗಳ ಬಗ್ಗೆ ಎರಡು ಮಾತು ಬೇಕು. ಪಂದ್ಯಕ್ಕೆ ಲಭ್ಯರಿರುವವರ ಪಟ್ಟಿಯಲ್ಲಿ 26 ಜನ. ಅದಕ್ಕಿಂತ ದೊಡ್ಡದು 40 ಜನರ ಪಟ್ಟಿ, ತಂಡ ಕಾಪಾಡಿಕೊಳ್ಳುವ ಆಟಗಾರರದ್ದು. 40ರ ಒಳಗೆ ಇದ್ದು 26ರ ಹೊರಗೆ ಇರುವವನು ಮೈನರ್ ಲೀಗ್‌ನಲ್ಲಿ ಆಡುತ್ತಾನೆ. ಹೀಗೆ ಕೆಳಗೆ ಕಳಿಸಲು ಒಬ್ಬ ಆಟಗಾರನ ಮೇಲೆ ಮೂರು ಋತುಗಳಷ್ಟೇ ಅವಕಾಶ. ಅದು ಮುಗಿದ ಮೇಲೆ ಕೆಳಗಿಳಿಸಬೇಕಾದರೆ ಉಳಿದ ತಂಡಗಳು ಎತ್ತಿಕೊಂಡು ಹೋಗುವ ಅಪಾಯವಿದೆ. 40ರಲ್ಲಿ ಹೊಸಬನಿಗೆ ಜಾಗ ಬೇಕೆಂದರೆ ಹಳಬನೊಬ್ಬನನ್ನು ಹೊರಹಾಕಬೇಕು. ಏಳು ದಿನದಲ್ಲಿ ಅವನನ್ನು ಬೇರೆ ತಂಡಕ್ಕೆ ಕೊಡಬೇಕು ಇಲ್ಲವೇ ಬೇಕಾದವರು ಎತ್ತಿಕೊಳ್ಳಲಿ ಎಂದು ಉಳಿದ ತಂಡಗಳ ಮುಂದೆ ಇಡಬೇಕು. ಡೌನ್ಸ್ 2022ರಲ್ಲಿ ಬಾಸ್ಟನ್ ಪರ 14 ಪಂದ್ಯ ಆಡಿದರು, ಸರಾಸರಿ .154. ಡಿಸೆಂಬರ್‌ನಲ್ಲಿ ಅವರನ್ನು 40ರಿಂದ ಹೊರಹಾಕಲಾಯಿತು, ವಾಷಿಂಗ್ಟನ್ ತಂಡ ಪುಕ್ಕಟೆಯಾಗಿ ಎತ್ತಿಕೊಂಡಿತು. ಬೆಟ್ಸ್ ಅವರ ಬದಲಿಗೆ ಬಂದ ಮುಖ್ಯ ಯುವ ಪ್ರತಿಭೆ ಎಂದು ಕರೆಸಿಕೊಂಡವರಿಗೆ ಮೂರೇ ವರ್ಷದಲ್ಲಿ ನಲವತ್ತರಲ್ಲಿ ಜಾಗವಿರಲಿಲ್ಲ.

ಕನ್ನಡ ಓದುಗರು ಇಲ್ಲಿ ಆರ್‌ಸಿಬಿಯನ್ನು ನೆನೆಯುವುದು ಸಹಜ. 2018ರ ಹರಾಜಿಗೆ ಮುನ್ನ ನಮ್ಮದೇ ಊರಿನ ಕೆ.ಎಲ್. ರಾಹುಲ್ ಅವರನ್ನು ಉಳಿಸಿಕೊಳ್ಳದೆ ಬಿಟ್ಟದ್ದು, ಏಳು ಋತು ಆಡಿದ ಸಿರಾಜ್ ಅವರನ್ನು 2024ರಲ್ಲಿ ಬಿಟ್ಟು ಅವರು 12.25 ಕೋಟಿ ರೂಪಾಯಿಗೆ ಗುಜರಾತ್ ಪಾಲಾದದ್ದು ಬೆಂಗಳೂರಿನ ಅಭಿಮಾನಿಗಳಿಗೆ ನುಂಗಲು ಕಷ್ಟವಾಗಿತ್ತು. ಆದರೆ ಹೋಲಿಕೆ ಅರ್ಧ ದಾರಿಯವರೆಗೆ ಮಾತ್ರ ಬರುತ್ತದೆ. ಐಪಿಎಲ್‌ನಲ್ಲಿ ಎಲ್ಲ ತಂಡಗಳ ಜೇಬು ಒಂದೇ ಅಳತೆಯದು. ಆ ಹರಾಜಿಗೆ ಎಲ್ಲರಿಗೂ 120 ಕೋಟಿ. ಸಿರಾಜ್ ಅವರನ್ನು ಉಳಿಸಿಕೊಂಡರೆ ಇನ್ನೊಬ್ಬರನ್ನು ಬಿಡಲೇಬೇಕು ಎಂಬುದನ್ನು ಸಿಟ್ಟಾದವರೂ ಒಪ್ಪುತ್ತಾರೆ. ಬಿಟ್ಟ ಮರುವರ್ಷವೇ ತಂಡ ಕಪ್ ಗೆದ್ದಿತು, ಚರ್ಚೆ ತಣ್ಣಗಾಯಿತು. ಬೇಸ್‌ಬಾಲ್‌ನಲ್ಲಿ ಜೇಬಿಗೆ ಅಳತೆಯೇ ಇಲ್ಲ. ಹಣವಿಲ್ಲ ಎಂದರೆ ಕೊಡುವ ಮನಸ್ಸಿಲ್ಲ ಎಂದೇ ಅರ್ಥ, ಅದರಲ್ಲೂ ಬಾಸ್ಟನ್‌ನಂಥ ತಂಡದ ಮಟ್ಟಿಗೆ.

ಜಾನ್ ಹೆನ್ರಿ ನೇತೃತ್ವದ ಗುಂಪು 2002ರಲ್ಲಿ ಸುಮಾರು 70 ಕೋಟಿ ಡಾಲರ್‌ಗೆ ಕೊಂಡ ತಂಡದ ಬೆಲೆ ಫೋರ್ಬ್ಸ್ ಅಂದಾಜಿನಲ್ಲಿ 400 ಕೋಟಿ ದಾಟಿದೆ. ಅದೇ ಗುಂಪು 2010ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಫುಟ್‌ಬಾಲ್ ತಂಡವನ್ನು, 2021ರಲ್ಲಿ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ಐಸ್ ಹಾಕಿ ತಂಡವನ್ನು ಕೊಂಡಿತು. 2024ರಲ್ಲಿ ಒಂಬತ್ತು ತಂಡಗಳು ಲಕ್ಷುರಿ ಟ್ಯಾಕ್ಸ್ ಕಟ್ಟಿದವು. ಡಾಡ್ಜರ್ಸ್ ಒಂದೇ 10.3 ಕೋಟಿ ಡಾಲರ್ ಕಟ್ಟಿ, ವರ್ಲ್ಡ್ ಸೀರೀಸ್ ಗೆದ್ದಿತು. ಆ ಒಂಬತ್ತರಲ್ಲಿ ಬಾಸ್ಟನ್ ಇರಲಿಲ್ಲ. ಅದಕ್ಕೆ ಕೆಲವೇ ತಿಂಗಳ ಹಿಂದೆ, 2023ರ ಕೊನೆಯಲ್ಲಿ, ತಂಡದ ಅಧ್ಯಕ್ಷ ಟಾಮ್ ವರ್ನರ್ ಈ ಸಲ ಪೂರ್ಣ ವೇಗದಲ್ಲಿ ಹೋಗುತ್ತೇವೆ ಎಂದು ಹೇಳಿಕೊಂಡಿದ್ದರು. ಆ ಚಳಿಗಾಲದ ದೊಡ್ಡ ಖರೀದಿ ಲೂಕಸ್ ಜಿಯೊಲಿಟೊ ಎಂಬ ಪಿಚರ್, ಎರಡು ವರ್ಷಕ್ಕೆ 3.85 ಕೋಟಿ. ಮೊಣಕೈ ಶಸ್ತ್ರಚಿಕಿತ್ಸೆಯಿಂದ ಅವರು 2024ರ ಋತುವಿನಲ್ಲಿ ಒಂದು ಚೆಂಡನ್ನೂ ಎಸೆಯಲಿಲ್ಲ. ಅದು ದುರದೃಷ್ಟ, ಸರಿ. ಆದರೆ ಪೂರ್ಣ ವೇಗ ಎಂದು ಹೇಳಿ ಗೆರೆಯ ಕೆಳಗೇ ಉಳಿದದ್ದು ದುರದೃಷ್ಟವಲ್ಲ.

ನನ್ನ ಮಟ್ಟಿಗೆ ಬೆಟ್ಸ್ ವಿನಿಮಯಕ್ಕಿಂತಲೂ ಹೆಚ್ಚು ಕೆರಳಿಸುವುದು 2022. ಮಾರುವುದಾದರೆ ಮಾರಬೇಕು, ಕೊಳ್ಳುವುದಾದರೆ ಕೊಳ್ಳಬೇಕು. ಆ ವರ್ಷ ಋತುವಿನ ನಡುವೆ ಆಟಗಾರರ ವಿನಿಮಯಕ್ಕಿರುವ ಗಡುವು ಹತ್ತಿರ ಬಂದಾಗ ಬಾಸ್ಟನ್ ಎರಡನ್ನೂ ಅರ್ಧಂಬರ್ಧ ಮಾಡಿತು. ಕ್ಯಾಚರ್ (ಕ್ರಿಕೆಟ್‌ನ ವಿಕೆಟ್‌ಕೀಪರ್‌ನಂಥವರು) ಕ್ರಿಸ್ಟಿಯನ್ ವಾಸ್ಕೆಸ್ ಅವರನ್ನು ಹ್ಯೂಸ್ಟನ್‌ಗೆ ಕೊಟ್ಟಿತು. ಅಂದು ತಂಡ ಹ್ಯೂಸ್ಟನ್‌ನಲ್ಲೇ ಆಡಬೇಕಿದ್ದುದರಿಂದ ಅವರು ಮೈದಾನದ ಒಂದು ಬದಿಯಿಂದ ಇನ್ನೊಂದು ಬದಿಗೆ ನಡೆದುಹೋಗಬೇಕಾಯಿತು. ಅದರ ಜೊತೆಗೇ ಟಾಮಿ ಫಾಮ್, ಎರಿಕ್ ಹಾಸ್ಮರ್ ಎಂಬ ಹಿರಿಯರನ್ನು ತಂದುಕೊಂಡಿತು. ಒಪ್ಪಂದ ಮುಗಿಯುತ್ತಿದ್ದ ಇತರರನ್ನು ಇಟ್ಟುಕೊಂಡಿತು. ಫಲ? 78 ಗೆಲುವು, ವಿಭಾಗದಲ್ಲಿ ಕೊನೆಯ ಸ್ಥಾನ, ಅದೂ ತೆರಿಗೆಯ ಗೆರೆಯನ್ನು ಕೂದಲೆಳೆಯಷ್ಟು ದಾಟಿ. ಆ ಕೂದಲೆಳೆಗೂ ಬೆಲೆ ಇತ್ತು. ಡಿಸೆಂಬರ್‌ನಲ್ಲಿ ಶಾರ್ಟ್‌ಸ್ಟಾಪ್ ಜಾಗದಲ್ಲಿ ಆಡುತ್ತಿದ್ದ ಕ್ಸಾಂಡರ್ ಬೊಗಾರ್ಟ್ಸ್ ಹನ್ನೊಂದು ವರ್ಷಕ್ಕೆ 28 ಕೋಟಿ ಡಾಲರ್‌ಗೆ ಸ್ಯಾನ್ ಡಿಯೇಗೊ ಸೇರಿದರು. ಹೀಗೆ ಆಟಗಾರನನ್ನು ಕಳೆದುಕೊಂಡ ತಂಡಕ್ಕೆ ಡ್ರಾಫ್ಟ್‌ನಲ್ಲಿ ಒಂದು ಹೆಚ್ಚುವರಿ ಆಯ್ಕೆ ಸಿಗುತ್ತದೆ. ಗೆರೆ ದಾಟಿದ್ದರಿಂದ ಬಾಸ್ಟನ್‌ನ ಆಯ್ಕೆ ಎರಡನೇ ಸುತ್ತಿನ ನಂತರದಿಂದ ನಾಲ್ಕನೇ ಸುತ್ತಿನ ನಂತರಕ್ಕೆ ಜಾರಿತು. ಖರ್ಚು ಮಾಡಿದ ದಂಡವೂ ತಪ್ಪಲಿಲ್ಲ, ಖರ್ಚು ಮಾಡಿದ ಸುಖವೂ ಸಿಗಲಿಲ್ಲ.

ಆದರೂ ಇಲ್ಲೇ ಅಭಿಮಾನಿಗಳ ಲೆಕ್ಕವನ್ನೂ ಸ್ವಲ್ಪ ತಪಾಸಣೆ ಮಾಡಬೇಕು. ವಾಸ್ಕೆಸ್ ಅವರ ಬದಲಿಗೆ ಬಂದ ಇಬ್ಬರಲ್ಲಿ ಒಬ್ಬರು ವಿಲ್ಯೆರ್ ಅಬ್ರೆಯು. ಆಗ ಆ ಹೆಸರನ್ನು ಯಾರೂ ಕೇಳಿರಲಿಲ್ಲ, ಬೈಗುಳದ ನಡುವೆ ಯಾರೂ ಗಮನಿಸಲೂ ಇಲ್ಲ. 2024ರಲ್ಲಿ ಅವರು ರೈಟ್ ಫೀಲ್ಡ್‌ನಲ್ಲಿ ಶ್ರೇಷ್ಠ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲೋವ್ ಪ್ರಶಸ್ತಿ ಗೆದ್ದರು. ಬೆಟ್ಸ್ ಬಿಟ್ಟುಹೋದ ಜಾಗವದು. 2020ರ ಡಿಸೆಂಬರ್‌ನಲ್ಲಿ ರೂಲ್ ಫೈವ್ ಡ್ರಾಫ್ಟ್ ಎಂಬ ವ್ಯವಸ್ಥೆಯಲ್ಲಿ, ಅಂದರೆ ಬೇರೆ ತಂಡ ತನ್ನ 40ರಲ್ಲಿ ಕಾಪಾಡಿಕೊಳ್ಳದ ಆಟಗಾರನನ್ನು ಒಂದು ಲಕ್ಷ ಡಾಲರ್‌ಗೆ ಎತ್ತಿಕೊಳ್ಳುವ ಅವಕಾಶದಲ್ಲಿ, ಯಾಂಕೀಸ್‌ನಿಂದ ಗ್ಯಾರೆಟ್ ವಿಟ್ಲಾಕ್ ಎಂಬ ಪಿಚರ್ ಅವರನ್ನು ತಂದದ್ದೂ ಬ್ಲೂಮ್ ಅವರೇ. ಮರುವರ್ಷವೇ ವಿಟ್ಲಾಕ್ ತಂಡದ ಆಧಾರಸ್ತಂಭಗಳಲ್ಲಿ ಒಬ್ಬರಾದರು. ಇನ್ನೂ ಹಿಂದಿನದು ಬೇಕೆಂದರೆ 2004. ಊರಿನ ಆರಾಧ್ಯ ದೈವವಾಗಿದ್ದ ನೋಮಾರ್ ಗಾರ್ಸಿಯಾಪಾರಾ ಅವರನ್ನು ಜುಲೈ 31ರಂದು ಕಳಿಸಿಬಿಟ್ಟಾಗ ಬಾಸ್ಟನ್ ಬೆಂಕಿಯಾಗಿತ್ತು. ಮೂರು ತಿಂಗಳಲ್ಲಿ ತಂಡ 86 ವರ್ಷಗಳ ಬರವನ್ನು ಮುಗಿಸಿತು. ಸಣ್ಣ ನಿರ್ಧಾರಗಳಲ್ಲಿ ಕಚೇರಿಯವರು ಅಭಿಮಾನಿಗಳಿಗಿಂತ ಸಾಮಾನ್ಯವಾಗಿ ಜಾಣರು. ಅವರಲ್ಲಿ ಅಂಕಿಅಂಶಗಳಿವೆ, ಪ್ರತಿಭೆ ಹುಡುಕುವವರಿದ್ದಾರೆ. ಅವರು ಎಡವುವುದು, ಅಥವಾ ಅವರನ್ನು ಎಡವಿಸುವುದು, ದೊಡ್ಡವುಗಳಲ್ಲಿ. ದೊಡ್ಡ ನಿರ್ಧಾರಗಳು ಬೇಸ್‌ಬಾಲ್ ಕಚೇರಿಯಿಂದ ಬರುವುದೇ ಇಲ್ಲ, ಅದರ ಮೇಲಿನ ಮಹಡಿಯಿಂದ ಬರುತ್ತವೆ. 2023ರ ಸೆಪ್ಟೆಂಬರ್‌ನಲ್ಲಿ ಬ್ಲೂಮ್ ಕೆಲಸ ಕಳೆದುಕೊಂಡರು, ಮೇಲಿನ ಮಹಡಿಯಲ್ಲಿ ಯಾರೂ ಕಳೆದುಕೊಳ್ಳಲಿಲ್ಲ.

ರಫಾಯೆಲ್ ಡೆವರ್ಸ್ ಪ್ರಕರಣ ಇದೆಲ್ಲಕ್ಕೂ ಉತ್ತರವಾಗಬೇಕಿತ್ತು. ಡೊಮಿನಿಕನ್ ಗಣರಾಜ್ಯದ ಹುಡುಗ, ಹದಿಹರೆಯದಲ್ಲೇ ರೆಡ್ ಸಾಕ್ಸ್‌ಗೆ ಸಹಿ ಹಾಕಿದವರು, 2018ರ ಗೆಲುವಿನಲ್ಲಿ ಪಾಲುದಾರ. ಬೆಟ್ಸ್ ಹೋದರು, ಬೊಗಾರ್ಟ್ಸ್ ಹೋದರು, ಇವರನ್ನೂ ಬಿಟ್ಟರೆ ಊರು ಕ್ಷಮಿಸುವುದಿಲ್ಲ ಎಂಬುದು ಮಾಲೀಕರಿಗೂ ತಟ್ಟಿತು. 2023ರ ಜನವರಿಯಲ್ಲಿ ಹತ್ತು ವರ್ಷಕ್ಕೆ 31.35 ಕೋಟಿ ಡಾಲರ್ ಒಪ್ಪಂದವಾಯಿತು. ತಂಡದ ಇತಿಹಾಸದಲ್ಲೇ ದೊಡ್ಡದು. ಕೊನೆಗೂ ಒಬ್ಬರು ಉಳಿದರು ಎಂದು ಜನ ನಿಟ್ಟುಸಿರು ಬಿಟ್ಟರು.

ಎರಡು ವರ್ಷ ಕಳೆಯಿತು. 2025ರ ಫೆಬ್ರವರಿಯಲ್ಲಿ ಹೊಸ ಮುಖ್ಯಸ್ಥ ಕ್ರೇಗ್ ಬ್ರೆಸ್ಲೋ ಥರ್ಡ್ ಬೇಸ್‌ನ ನಿಪುಣ ಅಲೆಕ್ಸ್ ಬ್ರೆಗ್ಮನ್ ಅವರನ್ನು ಮೂರು ವರ್ಷಕ್ಕೆ 12 ಕೋಟಿಗೆ ಕರೆತಂದರು. ಥರ್ಡ್ ಬೇಸ್ ಡೆವರ್ಸ್ ಅವರದು. ಅವರ ಫೀಲ್ಡಿಂಗ್ ಅಷ್ಟಕ್ಕಷ್ಟೇ ಎಂಬುದು ನಿಜ, ಆದ್ದರಿಂದ ಆಟದ ದೃಷ್ಟಿಯಿಂದ ನಿರ್ಧಾರ ಸರಿ. ಅದನ್ನು ಹೇಳಿದ ರೀತಿ ಸರಿಯಿರಲಿಲ್ಲ. ಮೊದಲು ಮುನಿಸಿಕೊಂಡ ಡೆವರ್ಸ್, ಬರೀ ಬ್ಯಾಟ್ ಮಾಡುವ ಡೆಸಿಗ್ನೇಟೆಡ್ ಹಿಟ್ಟರ್ ಆಗಲು ಕೊನೆಗೆ ಒಪ್ಪಿದರು. ಮೇ ಆರಂಭದಲ್ಲಿ ಫಸ್ಟ್ ಬೇಸ್‌ನ ಟ್ರಿಸ್ಟನ್ ಕಸಾಸ್ ಮೊಣಕಾಲಿಗೆ ತೀವ್ರ ಗಾಯ ಮಾಡಿಕೊಂಡು ಋತುವಿನಿಂದಲೇ ಹೊರಬಿದ್ದರು. ಈಗ ಫಸ್ಟ್ ಬೇಸ್ ಆಡಿ ಎಂದು ತಂಡ ಕೇಳಿತು. ಗ್ಲೋವ್ ಬದಿಗಿಡು ಎಂದವರೇ ನೀವು, ಈಗ ಮತ್ತೆ ತೊಡು ಎನ್ನುತ್ತೀರಿ ಎಂಬ ಧಾಟಿಯಲ್ಲಿ ಡೆವರ್ಸ್ ಪತ್ರಕರ್ತರ ಮುಂದೆಯೇ ನಿರಾಕರಿಸಿದರು. ಮಾಲೀಕ ಹೆನ್ರಿ ಸ್ವತಃ ಕ್ಯಾನ್ಸಸ್ ಸಿಟಿಗೆ ಹಾರಿ ಅವರೊಂದಿಗೆ ಮಾತಾಡಿದರು. ಜೂನ್ 15ರ ಭಾನುವಾರ ಬಾಸ್ಟನ್ ತನ್ನ ಅಂಗಳದಲ್ಲಿ ಯಾಂಕೀಸ್ ವಿರುದ್ಧ ಸರಣಿಯ ಮೂರೂ ಪಂದ್ಯ ಗೆದ್ದಿತು. ಕೊನೆಯ ಪಂದ್ಯದಲ್ಲಿ ಡೆವರ್ಸ್ ಹೋಮ್‌ರನ್ ಹೊಡೆದರು. ಕೆಲವೇ ಗಂಟೆಗಳಲ್ಲಿ ಅವರು ಸ್ಯಾನ್‌ಫ್ರಾನ್ಸಿಸ್ಕೊ ಜೈಂಟ್ಸ್ ಪಾಲಾದ ಸುದ್ದಿ ಬಂತು. ಬದಲಿಗೆ ಜೋರ್ಡನ್ ಹಿಕ್ಸ್, ಕೈಲ್ ಹ್ಯಾರಿಸನ್ ಸೇರಿದಂತೆ ನಾಲ್ವರು. ಬಾಕಿಯಿದ್ದ 25 ಕೋಟಿಗೂ ಹೆಚ್ಚಿನ ಹೊಣೆಯನ್ನು ಜೈಂಟ್ಸ್ ಹೊತ್ತುಕೊಂಡಿತು. ನಾಲ್ವರಲ್ಲಿ ಒಬ್ಬರಾದ ಜೇಮ್ಸ್ ಟಿಬ್ಸ್ ಅವರನ್ನು ಒಂದೂವರೆ ತಿಂಗಳಲ್ಲಿ ಡಾಡ್ಜರ್ಸ್‌ಗೆ ದಾಟಿಸಲಾಯಿತು.

ಇದರಲ್ಲಿ ಯಾರು ಸರಿ? ತಂಡದ ಸಂಕಟ ಕಂಡಾಗಲೂ ಗ್ಲೋವ್ ತೊಡಲು ಒಪ್ಪದ 31 ಕೋಟಿಯ ಆಟಗಾರನ ಬಗ್ಗೆ ನನಗೆ ಹೆಚ್ಚಿನ ಮರುಕವಿಲ್ಲ. ಆದರೆ ಹತ್ತು ವರ್ಷದ ಸಂಬಂಧವನ್ನು ನಾಲ್ಕು ತಿಂಗಳಲ್ಲಿ ಕೆಡಿಸಿಕೊಂಡ ಕಚೇರಿಯ ಬಗ್ಗೆಯಂತೂ ಇಲ್ಲವೇ ಇಲ್ಲ. ಅಂಕಿಗಳು ಅಭಿಮಾನಿಗಳ ಬಾಯಿ ಮುಚ್ಚಿಸಿದವು ಎಂದೂ ಹೇಳಲಾಗದು, ತೆರೆಸಿದವು ಎಂದೂ ಹೇಳಲಾಗದು. ಬಾಸ್ಟನ್ 89 ಗೆದ್ದು ನಾಲ್ಕು ವರ್ಷಗಳ ಬಳಿಕ ಪ್ಲೇಆಫ್ ತಲುಪಿತು, ಅಲ್ಲಿ ಮೊದಲ ಸುತ್ತಿನಲ್ಲೇ ಯಾಂಕೀಸ್‌ಗೆ ಸೋತಿತು. ಜೈಂಟ್ಸ್ 81 ಗೆದ್ದು 81 ಸೋತು ಮನೆಗೆ ಹೋಯಿತು. ಇನ್ನು ಡೆವರ್ಸ್ ಅವರ ಜಾಗಕ್ಕೆ ಬಂದ ಬ್ರೆಗ್ಮನ್? ಒಪ್ಪಂದದಲ್ಲಿ ಒಂದೇ ವರ್ಷಕ್ಕೆ ಹೊರನಡೆಯುವ ಅವಕಾಶವಿತ್ತು. ಋತು ಮುಗಿಯುತ್ತಿದ್ದಂತೆ ಅದನ್ನು ಬಳಸಿಕೊಂಡು ಹೊರಟುಹೋದರು. 2025ರ ಫೆಬ್ರವರಿಯಲ್ಲಿ ಬಾಸ್ಟನ್‌ಗೆ ಇಬ್ಬರು ಥರ್ಡ್ ಬೇಸ್‌ಮನ್‌ಗಳಿದ್ದರು, ಚಳಿಗಾಲಕ್ಕೆ ಇಬ್ಬರೂ ಇರಲಿಲ್ಲ.

ಈಗ ತಂಡ ಹಿಡಿದಿರುವ ಹಾದಿ ಬೇರೆ: ಗಡಿಯಾರ ಶುರುವಾಗುವಾಗಲೇ ಬೆಲೆ ಕಟ್ಟಿಬಿಡುವುದು. 2025ರ ಜೂನ್ 9ರಂದು ಮೊದಲ ಪಂದ್ಯ ಆಡಿದ ರೋಮನ್ ಆಂಥನಿ ಅವರಿಗೆ ಆಗಸ್ಟ್‌ನಲ್ಲೇ ಎಂಟು ವರ್ಷಕ್ಕೆ 13 ಕೋಟಿ ಡಾಲರ್ ಒಪ್ಪಂದ ಸಿಕ್ಕಿತು. ಅಭಿಮಾನಿಗಳು ಸಂಭ್ರಮಿಸಿದರು, ಸಂಭ್ರಮಿಸಲು ಕಾರಣವೂ ಇದೆ. ಸಹಿ ಹಾಕುವಾಗ ಆಂಥನಿಗೆ 21. ಒಪ್ಪಂದದ ಕೊನೆಯ ಋತು 2033, ಆಗ 29. ಆಟಗಾರನ ಶ್ರೇಷ್ಠ ವರ್ಷಗಳನ್ನು ಮಾರುಕಟ್ಟೆಯ ಬೆಲೆಗಿಂತ ಬಹಳ ಕಡಿಮೆಗೆ ಕೊಂಡು, ಇಳಿಗಾಲವನ್ನು ಬೇರೆಯವರಿಗೆ ಬಿಡುವ ಅದೇ ಹಳೆಯ ಲೆಕ್ಕ ಇದು; ಈ ಸಲ ಅದು ಅಭಿಮಾನಿಗಳ ಆಸೆಯೊಂದಿಗೆ ಕೂಡಿಬಂದಿದೆ, ಅಷ್ಟೇ. ಎಲ್ಲ ಸಲವೂ ಕೂಡಿಬರುವುದಿಲ್ಲ. ಅದೇ ವರ್ಷದ ಏಪ್ರಿಲ್‌ನಲ್ಲಿ ಕ್ರಿಸ್ಟಿಯನ್ ಕ್ಯಾಂಪ್‌ಬೆಲ್ ಅವರಿಗೆ ಎಂಟು ವರ್ಷಕ್ಕೆ 6 ಕೋಟಿ ಕೊಟ್ಟರು. ಆ ತಿಂಗಳು ಅವರು ಲೀಗ್‌ನ ಶ್ರೇಷ್ಠ ಹೊಸ ಆಟಗಾರನಾಗಿದ್ದರು. ಜೂನ್‌ನಲ್ಲಿ ಅವರನ್ನು ವುಸ್ಟರ್‌ನ ಮೈನರ್ ಲೀಗ್ ತಂಡಕ್ಕೆ ಕಳಿಸಬೇಕಾಯಿತು.

ಇದೆಲ್ಲವನ್ನೂ ಬಿಗಿದಿಟ್ಟಿರುವ ಮಾಲೀಕರ ಮತ್ತು ಆಟಗಾರರ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಮಾಲೀಕರಲ್ಲಿ ಹಲವರಿಗೆ ಸಂಬಳದ ಮೇಲ್ಮಿತಿ ಬೇಕು; 1994ರಲ್ಲಿ ಅದೇ ಬೇಡಿಕೆಯಿಂದಾಗಿ ಮುಷ್ಕರ ನಡೆದು ಆ ವರ್ಷದ ವರ್ಲ್ಡ್ ಸೀರೀಸೇ ರದ್ದಾಗಿತ್ತು. ಮೇಲ್ಮಿತಿ ಬಂದರೆ ಡಾಡ್ಜರ್ಸ್‌ಗೆ ಲಗಾಮು ಬೀಳುತ್ತದೆ ಎಂದು ಸಣ್ಣ ಊರುಗಳ ಅಭಿಮಾನಿಗಳು ಖುಷಿಪಡುತ್ತಿದ್ದಾರೆ. ಬಾಸ್ಟನ್‌ನವರು ಹಾಗೆ ಖುಷಿಪಡಬೇಕಾಗಿಲ್ಲ. ಬೆಟ್ಸ್ ಅವರನ್ನು ಬಿಟ್ಟುಕೊಟ್ಟದ್ದಕ್ಕೆ ಆಗ ಮಾಲೀಕರ ಬಳಿ ಒಪ್ಪುವಂಥ ನೆಪವಿರಲಿಲ್ಲ; ಮೇಲ್ಮಿತಿ ಬಂದರೆ ನಿಯಮವೇ ಆ ನೆಪವನ್ನು ಕೈಗೆ ಕೊಡುತ್ತದೆ. ಆರು ವರ್ಷವನ್ನು ಐದಕ್ಕೆ ಇಳಿಸಬೇಕು ಎಂಬ ಬೇಡಿಕೆಯನ್ನು ಆಟಗಾರರ ಸಂಘ 2021ರ ಮಾತುಕತೆಯ ಮೇಜಿಗೂ ತಂದಿತ್ತು. ಮಾಲೀಕರು ಮೈದಾನಗಳಿಗೆ ಬೀಗ ಹಾಕಿದ 99 ದಿನಗಳ ಬಿಕ್ಕಟ್ಟಿನಲ್ಲಿ ಸಂಘ ಮೊದಮೊದಲೇ ಕೈಬಿಟ್ಟ ಬೇಡಿಕೆಗಳಲ್ಲಿ ಅದೂ ಒಂದು.